ಕೈ ಎತ್ತುವವರ ರಸ್ತೆ

ಮಾರ್ಚ್ ೪, ಸೋಮವಾರ

ಈ ದೇಶಕ್ಕೆ ಬಂದು ಒಂದು ವಾರವಾಯಿತು. ಇನ್ನೂ ಒಂದೇ ಒಂದು ಹಾರ್ನ್ ಕಿವಿಗೆ ಬಿದ್ದಿಲ್ಲ.

ಅಕ್ಕನ ಮನೆಯ ಕಿಟಕಿಯ ಕೆಳಗೇ ದೊಡ್ಡ ರಸ್ತೆ. ಕಾರು, ವ್ಯಾನು, ಬಸ್ಸು ಬೆಳಗಿನಿಂದ ಹರಿಯುತ್ತಲೇ ಇರುತ್ತವೆ. ಎಲ್ಲವೂ ಸಾವಿನ ಮನೆಗೆ ಬಂದ ನೆಂಟರ ಹಾಗೆ ತುಟಿ ಬಿಗಿದುಕೊಂಡು ಸಾಗುತ್ತವೆ. ಭಾವ ಇದನ್ನು ಶಿಸ್ತು ಎನ್ನುತ್ತಾರೆ. ನಾನು ಬಾಯಿಗೆ ಹಾಕಿದ ಬೀಗ ಎನ್ನುತ್ತೇನೆ. ನಮ್ಮಲ್ಲಿ ಹಾರ್ನ್ ಎಂದರೆ ಸಾಮಾನ್ಯ ಮನುಷ್ಯನ ದನಿ. ಸೈಕಲ್ಲಿನವನಿಗೂ ಒಂದು ಗಂಟೆಯಿದೆ, ಲಾರಿಯವನಿಗೂ ಒಂದು ಹಾರ್ನಿದೆ. 'ನಾನೂ ಇದ್ದೇನೆ' ಎಂದು ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಇಲ್ಲಿಯವರಿಗೆ ತಾವು ಇದ್ದೇವೆಂದು ಹೇಳಿಕೊಳ್ಳಲೂ ಸಂಕೋಚ. ಸದ್ದು ಮಾಡದ ಜನರನ್ನು ಆಳುವುದು ಎಷ್ಟು ಸುಲಭ ಎಂಬುದನ್ನು ನಮ್ಮ ಸಂಘದ ಹಳದಿ ಕರಪತ್ರದಲ್ಲಿ ಸ್ಪಷ್ಟವಾಗಿ ಬರೆದಿದೆ. ಅದನ್ನು ಬರೆದವರು ಈ ರಸ್ತೆಯನ್ನು ನೋಡಿರಲಿಲ್ಲ, ಆದರೂ ಎಷ್ಟು ಸರಿಯಾಗಿ ಬರೆದಿದ್ದಾರೆ!

ನಾನು ಬಂದದ್ದು ರಸ್ತೆ ನೋಡಲಿಕ್ಕಲ್ಲ. ಭಾವ ಕೆಳಗಿನ ಲಾಂಡ್ರಿಯ ವ್ಯಾನು ಓಡಿಸುತ್ತಿದ್ದರು. ಆಸ್ಪತ್ರೆ, ಹೋಟೆಲುಗಳ ಕೊಳೆಬಟ್ಟೆ ತರುವುದು, ಒಗೆದು ಮಡಿಸಿದ ಹೊದಿಕೆಗಳನ್ನು ಮುಟ್ಟಿಸುವುದು. ಚಳಿಗಾಲದಲ್ಲಿ ಅವರ ಬಲಗಣ್ಣಿಗೆ ಆಪರೇಷನ್ ಆಯಿತು. ಸದ್ಯಕ್ಕೆ ಗಾಡಿ ಓಡಿಸಬಾರದು ಎಂದಿದ್ದಾರಂತೆ. ನಾವಿರುವ ಈ ಎರಡು ಕೋಣೆಗಳು ವ್ಯಾನಿನ ಕೆಲಸದ ಜೊತೆ ಬಂದವು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮನೆಯವರಲ್ಲೇ ಯಾರಾದರೂ ಲೈಸೆನ್ಸ್ ತೆಗೆದುಕೊಂಡು ಓಡಿಸಿದರೆ ತನ್ನ ಅಭ್ಯಂತರವಿಲ್ಲ, ಆದರೆ ಏಪ್ರಿಲ್ ಆರಂಭದ ತನಕ ಮಾತ್ರ ಕಾಯುತ್ತೇನೆ ಎಂದು ಲಾಂಡ್ರಿಯ ಯಜಮಾನಿ ಹೇಳಿದ್ದಾಳೆ. ಅಕ್ಕನಿಗೆ ಸೈಕಲ್ಲೂ ಬಾರದು. ಹಾಗಾಗಿ ನಾನು.

ಡ್ರೈವಿಂಗ್ ನನಗೆ ಹೊಸದೇನಲ್ಲ. ಮೈಕು ಕಟ್ಟಿದ ಸಂಘದ ಜೀಪನ್ನು ಸಂತೆಯ ನಟ್ಟನಡುವೆ ನುಗ್ಗಿಸಿದವಳು ನಾನು. (ಸಂಘ ಎರಡು ಹೋಳಾಗಿ ಜೀಪು ಇನ್ನೊಂದು ಹೋಳಿನ ಪಾಲಾದ ಮೇಲೆ ಊರಿನಲ್ಲಿ ನನಗೆ ಕೆಲಸವಿರಲಿಲ್ಲ ಎಂಬುದು ಬೇರೆ ವಿಷಯ.) ಇದನ್ನು ಹೇಳಿದಾಗ ಭಾವ, "ಇಲ್ಲಿ ಸಂತೆ ಇಲ್ವಲ್ಲ ಲೀಡರಮ್ಮ, ಎಲ್ಲಿ ನುಗ್ಗಿಸ್ತೀಯ?" ಎಂದರು. ಬಂದ ದಿನದಿಂದ ನನಗೆ ಇದೇ ಹೆಸರು.

ಸಂಜೆ ಅಮ್ಮನ ಫೋನು ಬಂತು. ಇವರ ಕಣ್ಣು ಈಗ ಮೊದಲಿಗಿಂತ ಚುರುಕು ಎಂದಳು ಅಕ್ಕ, ರೆಪ್ಪೆ ಬಡಿಯದೆ. ಭಾವ ಪಕ್ಕದಲ್ಲೇ ಕೂತು ತಲೆಯಾಡಿಸಿದರು. ಇಂಥ ಸಣ್ಣ ಸಣ್ಣ ಸುಳ್ಳುಗಳ ಮೇಲೇ ಸಂಸಾರ ಎಂಬ ಸಂಸ್ಥೆ ನಿಂತಿದೆ. ಯಾರ ಸಮಾಧಾನಕ್ಕೂ ನಾನು ಸುಳ್ಳು ಹೇಳುವವಳಲ್ಲ. ಅದನ್ನು ಮೊದಲ ಪುಟದಲ್ಲೇ ಬರೆದಿಡುತ್ತೇನೆ.

ಮಾರ್ಚ್ ೭, ಗುರುವಾರ

ಮೊದಲ ಪಾಠ. ಭಾವನ ಹಳೆಯ ಸಣ್ಣ ಕಾರು. ಸ್ಟಿಯರಿಂಗ್ ಇರಬೇಕಾದ ಕಡೆ ಭಾವ ಕೂತಿದ್ದರು, ಭಾವ ಕೂರಬೇಕಾದ ಕಡೆ ಸ್ಟಿಯರಿಂಗ್ ಇತ್ತು. ರಸ್ತೆಯೂ ಹಾಗೆಯೇ, ಕನ್ನಡಿಯೊಳಗಿನಿಂದ ಎತ್ತಿ ಹಾಸಿದಂತೆ. ತಿರುಗಬೇಕಾದಾಗಲೆಲ್ಲ ಕೈ ತಾನಾಗಿ ತಪ್ಪು ಕಡ್ಡಿಯನ್ನು ಎಳೆಯುತ್ತಿತ್ತು. ಸುಡು ಬಿಸಿಲಿನಲ್ಲಿ ವೈಪರ್ ಗಾಜನ್ನು ಉಜ್ಜತೊಡಗುತ್ತಿತ್ತು. "ಗಾಜು ಸಾಕಷ್ಟು ಚೊಕ್ಕ ಆಯ್ತು," ಎಂದರು ಭಾವ. "ಈಗ ತಿರುಗೋಣ."

ಬೇಕರಿಯ ಮುಂದೆ ಒಬ್ಬ ಕಾರಿನ ಬಾಗಿಲು ತೆರೆದಿಟ್ಟು ಡಬ್ಬಗಳನ್ನು ಇಳಿಸಿಕೊಳ್ಳುತ್ತಿದ್ದ. ನಾನು ಎರಡು ಸಲ ಹಾರ್ನ್ ಮಾಡಿದೆ. ಚಿಕ್ಕ ಹಾರ್ನ್, ನಮ್ಮ ಕಡೆ ಅದನ್ನು ಮುದ್ದು ಎನ್ನಬಹುದು. ಇಡೀ ಬೀದಿ ನಿಂತುಬಿಟ್ಟಿತು. ಡಬ್ಬದವನ ಮುಖ ಬಿಳಿಚಿಕೊಂಡಿತು. ಬೇಕರಿಯಿಂದ ಒಬ್ಬ ಮುದುಕ ನೀರಿನ ಲೋಟ ಹಿಡಿದು ಓಡಿಬಂದ. ಕೈಚೀಲ ಹಿಡಿದ ಹೆಂಗಸೊಬ್ಬಳು ನನ್ನ ಕಿಟಕಿಗೆ ಬಗ್ಗಿ, "ಏನಾಯ್ತಮ್ಮ? ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದಳು. ಇಲ್ಲಿಯ ಭಾಷೆ ನನಗೆ ಅರ್ಧಂಬರ್ಧ, ಆದರೆ ಇದು ಪೂರ್ತಿ ಅರ್ಥವಾಯಿತು. ಬೈದಿದ್ದರೆ ನನ್ನ ಬಳಿ ಉತ್ತರವಿತ್ತು. ಕನಿಕರಕ್ಕೆ ಏನು ಉತ್ತರ ಕೊಡುವುದು?

ಭಾವ ಕೈ ಎತ್ತಿದರು. ಡಬ್ಬದವನಿಗೆ, ಮುದುಕನಿಗೆ, ಹೆಂಗಸಿಗೆ, ಆಮೇಲೆ ಸಂಬಂಧವೇ ಇಲ್ಲದ ಒಂದು ಬಸ್ಸಿಗೆ. ಇಲ್ಲಿ ಎಲ್ಲರಿಗೂ ಈ ಚಾಳಿಯಿದೆ. ಯಾರಾದರೂ ದಾರಿ ಬಿಟ್ಟರೆ ಅಂಗೈ ತೋರಿಸುತ್ತಾರೆ, ತಪ್ಪು ಮಾಡಿದರೆ ತೋರಿಸುತ್ತಾರೆ, ಏನೂ ಆಗದಿದ್ದರೂ ತೋರಿಸುತ್ತಾರೆ. ರಸ್ತೆ ಎಲ್ಲರದ್ದು, ನನ್ನದೇ ರಸ್ತೆಯಲ್ಲಿ ನನಗೆ ಜಾಗ ಬಿಟ್ಟದ್ದಕ್ಕೆ ನಾನೇಕೆ ಕೃತಜ್ಞಳಾಗಬೇಕು? ನಾನೂ ಸಾವಿರ ಸಲ ಕೈ ಎತ್ತಿದ್ದೇನೆ, ಮುಷ್ಟಿ ಬಿಗಿದು. ಬೆರಳು ಬಿಡಿಸಿ ಎತ್ತುವ ಅಭ್ಯಾಸ ನನಗಿಲ್ಲ. ಭಾವನಿಗೆ ಇದನ್ನು ವಿವರಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಹ್ಯಾಂಡ್‌ಬ್ರೇಕ್ ಇಳಿಸಿಲ್ಲ, ಅದಕ್ಕೇ ಗಾಡಿ ಮುಲುಗುತ್ತಿದೆ ಎಂದರು.

ಮಾರ್ಚ್ ೧೧, ಸೋಮವಾರ

ಇವತ್ತು ನಾಲ್ಕು ರಸ್ತೆ ಕೂಡುವ ಜಾಗ. ಸಿಗ್ನಲ್ ಇಲ್ಲ, ಪೊಲೀಸಿಲ್ಲ. ನಾಲ್ಕೂ ಕಡೆಯ ಗಾಡಿಗಳು ಪೂರ್ತಿ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ಯಾರು ಮೊದಲು ಬಂದರೆಂದು ಯಾರು ನೋಡುತ್ತಾರೆ ಎಂದರೆ, "ಎಲ್ಲರೂ ನೋಡ್ಕೊಂಡಿರ್ತಾರೆ" ಎಂದರು ಭಾವ.

ಒಂದು ಕ್ಷಣ ಮೈ ಜುಮ್ಮೆಂದಿತು. ದಂಡವಿಲ್ಲದೆ, ದೊರೆಯಿಲ್ಲದೆ ಜನ ತಾವಾಗಿಯೇ ನಡೆದುಕೊಳ್ಳುವ ಕಾಲ ಬರುತ್ತದೆಂದು ಹಳದಿ ಕರಪತ್ರದ ಕೊನೆಯ ಪುಟದಲ್ಲಿದೆ. ಅದು ಒಂದು ಟೈರ್ ಅಂಗಡಿಯ ಮುಂದೆ ಆಗಲೇ ಬಂದು ನಿಂತಿದೆಯೇನೋ ಅನ್ನಿಸಿತು. ಮನೆಗೆ ಬಂದು ಯೋಚಿಸಿದ ಮೇಲೆ ತಪ್ಪು ಹೊಳೆಯಿತು. ಪೊಲೀಸರನ್ನು ತೆಗೆದಿಲ್ಲ, ಎಲ್ಲರ ಎದೆಯೊಳಗೆ ಒಬ್ಬೊಬ್ಬನನ್ನು ಕೂರಿಸಿದ್ದಾರೆ. ಇದು ಇನ್ನೂ ಅಪಾಯಕಾರಿ.

ನಾನು ಮೊದಲು ಬಂದಿದ್ದರೂ ಅಲ್ಲಿ ತುಂಬ ಹೊತ್ತು ಗುರುಗುಟ್ಟುತ್ತಾ ನಿಂತಿದ್ದೆ. ಯಾವನು ನುಗ್ಗುತ್ತಾನೋ ನೋಡೋಣ ಎಂದು. ಯಾರೂ ನುಗ್ಗಲಿಲ್ಲ. ನನ್ನ ಹಿಂದೆ ಸಾಲು ಬೆಳೆಯಿತು. "ನಿನ್ನ ಸರದಿ ಬಂದಾಗ ಹೋಗಬೇಕು," ಎಂದರು ಭಾವ. "ಹೋಗದೆ ನಿಂತ್ಕೊಳ್ಳೋದೂ ಅಡ್ಡಗಟ್ಟಿದ ಹಾಗೇನೇ."

ಯಜಮಾನಿ ನಮ್ಮ ಮೆಟ್ಟಿಲುಗಳ ಅಂಚಿಗೆಲ್ಲ ಅಗಲವಾಗಿ ಬಿಳಿ ಬಣ್ಣ ಬಳಿಸಿದ್ದಾಳೆ. ಕೆಳಗೆ ಇಸ್ತ್ರಿ ಯಂತ್ರದ ಹತ್ತಿರ ಹೆಂಗಸರು ಬೆಂದುಹೋಗುತ್ತಿದ್ದಾರೆ, ಇವಳಿಗೆ ಮೆಟ್ಟಿಲಿನ ಅಲಂಕಾರ.

ಮಾರ್ಚ್ ೧೪, ಗುರುವಾರ

ಭಾವನಿಗೆ ಮೇಷ್ಟ್ರಿಕೆಯ ಅಮಲು ಏರಿದೆ. ಪ್ರತಿ ಫಲಕದ ಹತ್ತಿರವೂ, "ಅದರಲ್ಲಿ ಏನಿದೆ, ಓದು." ಮುಂದಿನ ಗಾಡಿ ಎಷ್ಟು ದೂರದಲ್ಲಿದೆ, ಹೇಳು. ದೀಪ ಯಾವ ಬಣ್ಣ, ಹೇಳು. ಒಂದನೇ ಕ್ಲಾಸಿನ ಮಗುವಿಗೆ ಕೇಳಿದ ಹಾಗೆ. ಅಧಿಕಾರ ಸಣ್ಣದಾದರೂ ಮನುಷ್ಯನನ್ನು ಹೇಗೆ ಕೆಡಿಸುತ್ತದೆ ನೋಡಿ. ಹೇಳಿದೆ, ಸಿಟ್ಟಿನಿಂದ. ಎಲ್ಲ ಫಲಕಗಳನ್ನೂ ಗಟ್ಟಿಯಾಗಿ ಓದಿದೆ.

ಮಾರ್ಚ್ ೧೯, ಮಂಗಳವಾರ

ಟೆಸ್ಟ್ ಇತ್ತು. ಫೇಲಾದೆ.

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಪರೀಕ್ಷಕ ಒಣಕಲು ಮನುಷ್ಯ, ತೊಡೆಯ ಮೇಲೆ ಒಂದು ಹಲಗೆ, ಅವನ ಕಾಲ ಬಳಿಯೂ ಒಂದು ಬ್ರೇಕ್. ಅರ್ಧ ದಾರಿ ಎಲ್ಲ ಸರಿಯಿತ್ತು. ಆಮೇಲೆ ಒಂದು ಕಿರಿದಾದ ರಸ್ತೆ. ಒಂದು ಬದಿಗೆ ಕಾರುಗಳನ್ನು ನಿಲ್ಲಿಸಿದ್ದರಿಂದ ಒಂದು ಗಾಡಿಗಷ್ಟೇ ಜಾಗ. ಎದುರಿನಿಂದ ಒಂದು ದೊಡ್ಡ ವ್ಯಾನು ಬಂದು ನಿಂತು ಹೆಡ್‌ಲೈಟ್ ಮಿಣುಕಿಸಿತು.

ನಮ್ಮಲ್ಲಿ ಎದುರಿನವನು ಲೈಟ್ ಮಿಣುಕಿಸಿದರೆ ಅರ್ಥ ಒಂದೇ: ನಾನು ಬರುತ್ತಿದ್ದೇನೆ, ಸರಿ ಪಕ್ಕಕ್ಕೆ. ನಾನು ನಿಂತೆ. ಅವನೂ ನಿಂತೇ ಇದ್ದ. ಮತ್ತೆ ಮಿಣುಕಿಸಿದ. ದೊಡ್ಡ ಗಾಡಿಯ ದರ್ಪ ನೆತ್ತಿಗೇರಿದೆ ಅನ್ನಿಸಿತು. ಇಂಥವರಿಗೆ ನಾನು ಬಗ್ಗಿದವಳಲ್ಲ. ನಿನ್ನ ದರ್ಪ ನನಗೂ ಗೊತ್ತು ಎನ್ನುವ ಹಾಗೆ ನಾನೂ ಮಿಣುಕಿಸಿದೆ. ಅವನು ಕೈ ಎತ್ತಿ ಹೊರಟ. ಅವನು ಹೊರಟನೆಂದು ನಾನೂ ಹೊರಟೆ. ಪರೀಕ್ಷಕ ತನ್ನ ಬ್ರೇಕ್ ಒತ್ತಿದ. ಎರಡು ಗಾಡಿಗಳ ಮೂಗುಗಳ ನಡುವೆ ಒಂದು ಮೊಳ ಜಾಗ ಉಳಿಯಿತು.

"ಅವರು ನಿಮಗೆ ದಾರಿ ಬಿಟ್ಟರು," ಎಂದ ಪರೀಕ್ಷಕ, ಬರೆಯುತ್ತಲೇ. "ನೀವು ಅದನ್ನ ಅವರಿಗೆ ವಾಪಸ್ ಕೊಟ್ರಿ. ಆಮೇಲೆ ಕಿತ್ಕೊಂಡ್ರಿ."

ಇಲ್ಲಿ ಲೈಟ್ ಮಿಣುಕಿಸಿದರೆ 'ನೀವು ಹೋಗಿ' ಎಂದರ್ಥವಂತೆ. ಬೆಳಕಿಗೆ ಬೆಳಕಿನ ಅರ್ಥವಿರಬೇಕು, ಒಂದು ದೇಶದಲ್ಲಿ ಬೆದರಿಕೆಯಾದದ್ದು ಇನ್ನೊಂದರಲ್ಲಿ ಉಪಚಾರವಾಗುವುದು ಹೇಗೆ ಎಂದು ಅವನೊಂದಿಗೆ ವಾದಿಸಿದೆ. ಅವನು ಗಮನವಿಟ್ಟು ಕೇಳಿದ. ವಾದ ಮುಗಿದ ಮೇಲೆ ಮುಂದಿನ ಟೆಸ್ಟ್ ಏಪ್ರಿಲ್ ಮೂರಕ್ಕೆ ಎಂದ.

ಮನೆಯಲ್ಲಿ ಭಾವ ಹಣೆ ಚಚ್ಚಿಕೊಂಡರು. ಲೈಟಿನ ವಿಷಯ ಹೇಳಬೇಕೆಂದೇ ಅವರಿಗೆ ಹೊಳೆದಿರಲಿಲ್ಲವಂತೆ. ಅಷ್ಟೆಲ್ಲ ಫಲಕ ಓದಿಸಿದವರು! ಅಕ್ಕ ಒಗೆದು ಇಟ್ಟಿದ್ದ ಪರದೆಗಳನ್ನು ಕಿಟಕಿಗೆ ಹಾಕಲು ಹೊರಟಿದ್ದವಳು, ಹಾಗೇ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ಸಂಜೆ ಯಜಮಾನಿ ಮೇಲೆ ಬಂದಳು. ನಾನು ಭಾಷಣ ಸಿದ್ಧವಾಗಿಟ್ಟುಕೊಂಡಿದ್ದೆ, ನಮ್ಮನ್ನು ಬೀದಿಗೆ ತಳ್ಳುವ ಮುನ್ನ ಅವಳು ಕೇಳಬೇಕಾದದ್ದು. ಅವಳು ಕುರ್ಚಿಯ ತುದಿಯಲ್ಲಿ ಕೂತು, ಏಪ್ರಿಲ್ ಮೂರರವರೆಗೆ ಬಾಡಿಗೆ ವ್ಯಾನಿನಲ್ಲಿ ಹೇಗೋ ದೂಡುತ್ತೇನೆ, ಅದರಾಚೆಗೆ ತನ್ನ ಕೈಯಲ್ಲೂ ಇಲ್ಲ, ಆಸ್ಪತ್ರೆಯ ಹಾಸಿಗೆಗಳು ಕಾಯುವುದಿಲ್ಲ ಎಂದಳು. ಹೋಗುವಾಗ ಭಾವನ ಭುಜ ಮುಟ್ಟಿ ಹೋದಳು. ಮಾಲೀಕರು ಈ ಮೃದು ಮಾತನ್ನು ಎಲ್ಲಿ ಕಲಿಯುತ್ತಾರೋ. ನನ್ನ ಭಾಷಣ ಹಾಗೇ ಉಳಿಯಿತು.

ಮಾರ್ಚ್ ೨೦

ಬರೆಯುವಂಥದ್ದೇನಿಲ್ಲ. ಅಕ್ಕ ಬೆಳಗಿನಿಂದ ತೊಳೆದ ಪಾತ್ರೆಗಳನ್ನೇ ತೊಳೆಯುತ್ತಿದ್ದಾಳೆ.

ಮಾರ್ಚ್ ೨೩, ಶನಿವಾರ

ಸುಮ್ಮನೆ ಕೂರುವುದು ಬೇಡವೆಂದು ಲಾಂಡ್ರಿಯಲ್ಲಿ ಹೊದಿಕೆ ಮಡಿಸಲು ಹೋಗುತ್ತಿದ್ದೇನೆ. ಉದ್ದೇಶ ಬೇರೆಯೇ ಇದೆ. ದುಡಿಯುವವರ ನಡುವೆ ನಿಲ್ಲದೆ ಅವರನ್ನು ಎಚ್ಚರಿಸಲು ಆಗುವುದಿಲ್ಲ.

ದೊಡ್ಡ ಹೊದಿಕೆಯನ್ನು ಇಬ್ಬರು ಹಿಡಿದು ಮಡಿಸಬೇಕು. ಎದುರಿನವಳು ಹೆಜ್ಜೆ ಇಟ್ಟಾಗ ನಾನು ನಿಲ್ಲಬೇಕು, ನಾನು ಇಟ್ಟಾಗ ಅವಳು. ಮೊದಲ ದಿನ ಇಸ್ತ್ರಿಯಾಕೆಗೂ ನನಗೂ ಹಣೆ ಹಣೆ ಡಿಕ್ಕಿಯಾಯಿತು. ಇಸ್ತ್ರಿಯಾಕೆ ಎಂದರೆ ಬಿಸಿ ಉರುಳೆಯಿಂದ ಇಸ್ತ್ರಿ ಮಾಡುವ ಉರುಳುಯಂತ್ರದ ಮುಂದೆ ನಿಲ್ಲುವ ದಪ್ಪ ಹೆಂಗಸು, ಎಲ್ಲರಿಗಿಂತ ಹಳಬಳು. "ನಿನ್ನ ಊರಲ್ಲಿ ಬಟ್ಟೆ ಮಡಿಸಲ್ವಾ, ಬರೀ ಯುದ್ಧ ಮಾಡ್ತೀರಾ?" ಎಂದಳು.

ಊಟದ ಬಿಡುವಿನಲ್ಲಿ ಹಳದಿ ಕರಪತ್ರವನ್ನು ನನಗೆ ಬಂದಷ್ಟು ಭಾಷೆಯಲ್ಲಿ ವಿವರಿಸಿದೆ. ಎಲ್ಲರೂ ಮೆಚ್ಚಿದರು. ಕೊನೆಗೆ ಬೇಡಿಕೆ ಏನೆಂದು ಕೇಳಿದೆ. ಇಡೀ ವ್ಯವಸ್ಥೆಯ ಬುಡ ಅಲ್ಲಾಡಿಸುವಂಥದ್ದು ಬರುತ್ತದೆಂದು ನಿರೀಕ್ಷಿಸಿದ್ದೆ. ಉರುಳುಯಂತ್ರದ ಹತ್ತಿರ ಒಂದು ಫ್ಯಾನ್ ಬೇಕೆಂದರು. ಅವರ ಪರವಾಗಿ ಯಜಮಾನಿಯ ಕೋಣೆಗೆ ಹೋಗಿ, ಮೇಜಿಗೆ ಕೈಯೂರಿ, ಫ್ಯಾನ್ ಒಂದು ಹಕ್ಕು ಎಂದೆ. ಅವಳು ಕನ್ನಡಕ ತೆಗೆದು, "ಹೌದಾ? ಇಷ್ಟು ವರ್ಷ ಯಾರೂ ಹೇಳಲೇ ಇಲ್ವಲ್ಲ," ಎಂದಳು. ಸಂಜೆಯೊಳಗೆ ಫ್ಯಾನ್ ಬಂತು.

ಎಲ್ಲರೂ ನನ್ನ ಬೆನ್ನು ತಟ್ಟಿದರು. ನನಗೇಕೋ ಮೋಸಹೋದ ಹಾಗೆ ಅನ್ನಿಸುತ್ತಿದೆ. ಹೋರಾಟವಿಲ್ಲದೆ ಬಂದ ಫ್ಯಾನಿನ ಗಾಳಿ ಜನರನ್ನು ನಿದ್ದೆಗೆ ದೂಡುತ್ತದೆ. ಆದರೂ ಗಾಳಿ ಚೆನ್ನಾಗಿಯೇ ಬರುತ್ತದೆ.

ಮಾರ್ಚ್ ೨೮, ಗುರುವಾರ

ಪಾಠ ಮತ್ತೆ ಶುರು. ಎದುರಿನವರು ಲೈಟ್ ಮಿಣುಕಿಸಿದರೆ ಹೋಗುವುದು, ನಾನು ಮಿಣುಕಿಸಿದರೆ ನಿಲ್ಲುವುದು. ಕೈ ಎತ್ತುವುದಕ್ಕೆ ಈಗಲೂ ನನ್ನ ವಿರೋಧವಿದೆ. ಆದರೆ ಎದುರಿನವರು ತಪ್ಪು ತಿಳಿಯಬಾರದೆಂದು ಸ್ಟಿಯರಿಂಗ್ ಮೇಲಿನಿಂದ ಎರಡು ಬೆರಳು ಎತ್ತುತ್ತೇನೆ. ಇದು ಕೈ ಎತ್ತಿದ ಲೆಕ್ಕಕ್ಕೆ ಬರುವುದಿಲ್ಲ.

ಭಾವ ಇವತ್ತು ನಗಿಸಿಬಿಟ್ಟರು. ಶಾಲೆಯ ಹಿಂದಿನ ರಸ್ತೆಯಲ್ಲಿ ತಿಂಗಳುಗಳಿಂದ ಅನಾಥವಾಗಿ ನಿಂತಿರುವ ಒಂದು ಕಾರಿದೆ. ಚಕ್ರಗಳಲ್ಲಿ ಗಾಳಿಯಿಲ್ಲ, ಗಾಜಿನ ಮೇಲೆ ಒಣಗಿದ ಎಲೆ. ಅದರ ಪಕ್ಕ ಹಾಯುವಾಗ ಭಾವ ಗಂಭೀರವಾಗಿ ಅದಕ್ಕೆ ಕೈ ಎತ್ತಿದರು. ನಾನು ಬಿದ್ದು ಬಿದ್ದು ನಕ್ಕೆ. ಭಾವ ಸ್ವಲ್ಪ ತಡವಾಗಿ ನಕ್ಕರು. "ಎತ್ತಿದ್ದು ಎಲ್ಲಿಗೆ ಹೋಗುತ್ತೆ ಬಿಡು, ಯಾರಿಗೋ ತಲುಪುತ್ತೆ," ಎಂದರು. ಒಳ್ಳೆಯ ತಮಾಷೆಗಾರ.

ಮಾರ್ಚ್ ೨೯, ಶುಕ್ರವಾರ

ತಮಾಷೆಗೆ ತಮಾಷೆ ಮಾಡೋಣ ಎಂದು ನಾನೇ ಹೊರಟೆ. ಆಸ್ಪತ್ರೆಗೆ ಎಡಕ್ಕೆ ತಿರುಗುವಲ್ಲಿ ಬಾಗಿಲಿನಷ್ಟು ದೊಡ್ಡ ಫಲಕವಿದೆ. ಆಸ್ಪತ್ರೆ ಎಂಬ ಅಕ್ಷರ, ಎಡಕ್ಕೊಂದು ಬಾಣ. ಭಾವ ಎಂದಿನಂತೆ ಓದು ಎಂದರು. ಎಡಕ್ಕೆ ತಿರುಗಬಾರದು ಅಂತಿದೆ ಎಂದೆ. ಅವರು ಬೈಯುತ್ತಾರೆ, ಇಬ್ಬರೂ ನಗುತ್ತೇವೆ ಎಂದುಕೊಂಡಿದ್ದೆ.

"ಹೌದಾ? ಹೊಸದಾಗಿ ಹಾಕಿರಬೇಕು," ಎಂದರು ಭಾವ. "ಹಾಗಾದ್ರೆ ನೇರ ಹೋಗು."

ವ್ಯಾನಿನಲ್ಲಿ ಅವರು ದಿನಾ ತಿರುಗುತ್ತಿದ್ದ ತಿರುವು. ನಾನು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ. ಭಾವನ ಕಡೆ ತಿರುಗಿದೆ. ಅವರು ಮುಂದಿನ ಗಾಜನ್ನೇ ನೋಡುತ್ತಾ ಕೂತಿದ್ದರು.

ಎಡಗಣ್ಣೂ ಹೋಗುತ್ತಿದೆ. ಚಳಿಗಾಲದಲ್ಲೇ ಡಾಕ್ಟರು ಹೇಳಿದ್ದರಂತೆ. ಬೆಳಕು, ಆಕಾರ, ಅಲುಗಾಟ ಕಾಣುತ್ತದೆ, ಅಷ್ಟೇ. ಅದೂ ಎಷ್ಟು ದಿನವೋ. ಬಲಗಣ್ಣು ಮರಳುವುದಿಲ್ಲ. ಇನ್ನು ಗಾಡಿ ಓಡಿಸುವ ಮಾತೇ ಇಲ್ಲ. ಹಾಗಾದರೆ ಇಷ್ಟು ದಿನ ನನಗೆ ದಾರಿ ತೋರಿಸಿದವರಿಗೆ ದಾರಿಯೇ ಕಾಣುತ್ತಿರಲಿಲ್ಲ. ಇಂಥ ನಾಯಕತ್ವದ ಬಗ್ಗೆ ನಮ್ಮ ಕರಪತ್ರಗಳಲ್ಲಿ ಎಚ್ಚರಿಕೆಗಳಿವೆ, ಆದರೆ ಕಾರಿನೊಳಗೆ ನನಗೆ ಒಂದೂ ನೆನಪಾಗಲಿಲ್ಲ.

ಅಕ್ಕನಿಗೆ ಗೊತ್ತಾ ಎಂದು ಕೇಳಿದೆ. ಇಲ್ಲ, ನೀನು ಪಾಸಾಗುವವರೆಗೂ ಬೇಡ ಎಂದರು. ಮನೆ ಉಳಿಯಿತು ಎಂದು ಮೊದಲು ಗೊತ್ತಾಗಲಿ, ಆಮೇಲೆ ಇದು. ಸತ್ಯವನ್ನು ಮುಚ್ಚಿಡುವುದು ಅವಳಿಗೆ ಮಾಡುವ ಅವಮಾನ ಎಂದೆ ನಾನು. ಇನ್ನೂ ಏನೇನೋ ಅಂದೆ, ದನಿ ಏರಿಸಿಯೇ ಅಂದೆ. ಭಾವ ಕೇಳಿಸಿಕೊಂಡರು.

"ಮುಂದಿನ ಗಾಡಿ ಮುಂದೆ ಇನ್ನೊಂದು ಗಾಡಿ ನಿಂತಿದ್ರೆ, ಹಿಂದಿಂದ ಹಾರ್ನ್ ಹೊಡೆದು ಏನು ಪ್ರಯೋಜನ, ಹೇಳು. ಅವಳು ಎಲ್ಲಿಗೆ ಸರೀಬೇಕು?"

ಇದಕ್ಕೆ ಉತ್ತರ ಇದ್ದೇ ಇರುತ್ತದೆ. ಯೋಚಿಸಿ ಬರೆಯುತ್ತೇನೆ.

ಮನೆಗೆ ಬಂದಾಗ ಅಕ್ಕ ಪಾಠ ಹೇಗಾಯಿತು ಎಂದಳು. ಚೆನ್ನಾಗಾಯಿತು ಎಂದೆ.

ಮಾರ್ಚ್ ೩೦, ಶನಿವಾರ

ಕಾಣದವರ ಪಕ್ಕ ಕೂತು ಕಲಿಯುವಂತಿಲ್ಲ. ಇಸ್ತ್ರಿಯಾಕೆಗೆ ಲೈಸೆನ್ಸ್ ಇದೆ. ಏನು ಎತ್ತ ಎಂದು ಕೇಳದೆ, "ಫ್ಯಾನ್ ತಂದವಳಿಗೆ ಇಷ್ಟೂ ಮಾಡಬಾರದಾ?" ಎಂದು ಬಂದು ಕೂತಳು. ಅಕ್ಕನಿಗೆ ಅನುಮಾನ ಬರಬಾರದೆಂದು ಭಾವ ಹಿಂದಿನ ಸೀಟಿನಲ್ಲಿ. ಹಿಂದಿನಿಂದಲೂ ಕೈ ಎತ್ತುತ್ತಾರೆ. ಇಸ್ತ್ರಿಯಾಕೆ ಕನ್ನಡಿಯಲ್ಲಿ ನೋಡಿ, ಇವರು ಯಾವ ರಾಜ್ಯದ ಮಹಾರಾಜರು ಎಂದು ಕೇಳಿದಳು.

ಏಪ್ರಿಲ್ ೧, ಸೋಮವಾರ

ಅಕ್ಕನಿಗೆ ಗೊತ್ತಿದೆ.

ಬೆಳಿಗ್ಗೆ ಭಾವನ ಲೋಟ ಇಡುವಾಗ ಅದರ ಹಿಡಿಯನ್ನು ಅವರ ಬಲಗೈ ಬರುವ ಕಡೆಗೆ ತಿರುಗಿಸಿಟ್ಟಳು. ಆಮೇಲೆ ದಾರಿಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಗೋಡೆಗೆ ಸರಿಸಿದಳು. ಬಂದ ದಿನದಿಂದ ಇದನ್ನೇ ಮಾಡುತ್ತಿದ್ದಾಳೆ, ಇವತ್ತು ನನ್ನ ಕಣ್ಣಿಗೆ ಬಿತ್ತು. ನಾನು ನೋಡಿದ್ದನ್ನು ಅವಳೂ ನೋಡಿದಳು. ಭಾವ ಕೆಳಗೆ ಹೋದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು.

"ನಂಗೆ ಗೊತ್ತು ಅಂತ ಅವರಿಗೆ ಹೇಳಬೇಡ ಕಣೇ. ನನ್ನ ಹತ್ರ ಮುಚ್ಚಿಡೋ ಕೆಲಸ ಒಂದಿದೆ ಅಂತ ಎದ್ದು ಓಡಾಡ್ತಿದಾರೆ. ಅದೂ ಇಲ್ಲ ಅಂದ್ರೆ ಮಲಗಿಬಿಡ್ತಾರೆ."

ಮೆಟ್ಟಿಲಿಗೆ ಬಿಳಿ ಬಣ್ಣ ಬಳಿಯಲು ಯಜಮಾನಿಯನ್ನು ಕೇಳಿಕೊಂಡವಳೂ ಅಕ್ಕನೇ. ಅಂದರೆ ಯಜಮಾನಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಎಲ್ಲರಿಂದಲೂ ಮುಚ್ಚಿಟ್ಟುಕೊಂಡು ಒಂದು ಮನೆ ತಿಂಗಳುಗಳಿಂದ ನಿಂತಲ್ಲೇ ನಿಂತಿದೆ. ಅಲಂಕಾರದ ಬಗ್ಗೆ ಹಿಂದೆ ಬರೆದದ್ದನ್ನು ಹೊಡೆದುಹಾಕಬೇಕೆಂದುಕೊಂಡೆ. ದಿನಚರಿಯನ್ನು ತಿದ್ದುವುದು ಅಪ್ರಾಮಾಣಿಕತೆ, ಹಾಗಾಗಿ ಬಿಟ್ಟೆ.

ಏಪ್ರಿಲ್ ೩, ಬುಧವಾರ

ಪಾಸಾದೆ.

ಅದೇ ಒಣಕಲು ಪರೀಕ್ಷಕ, ಅದೇ ಹಲಗೆ. ಕಿರಿದಾದ ರಸ್ತೆಯಲ್ಲಿ ಒಬ್ಬ ಮಿಣುಕಿಸಿದ, ನಾನು ಹೋದೆ. ಟೈರ್ ಅಂಗಡಿಯ ಕೂಡುದಾರಿಯಲ್ಲಿ ಕಷ್ಟ ಎದುರಾಯಿತು. ನಾಲ್ಕೂ ಕಡೆ ಗಾಡಿ ನಿಂತಿತ್ತು. ಎಡಗಡೆಯ ಮುದುಕಿ ನನಗೆ ಹೋಗು ಎಂದು ಕೈಬೀಸಿದಳು. ನಾನು ಅವಳಿಗೆ ಬೀಸಿದೆ. ಎದುರಿನವನು ಬಲಗಡೆಯವನಿಗೆ ಬೀಸಿದ, ಬಲಗಡೆಯವನು ನನಗೆ. ಎಲ್ಲರೂ ಒಳ್ಳೆಯವರಾಗಿದ್ದೆವು, ಯಾರೂ ಅಲುಗಲಿಲ್ಲ. ಪರೀಕ್ಷಕನ ಪೆನ್ನು ಹಲಗೆಯ ಮೇಲೆ ಇಳಿಯತೊಡಗಿತು. ಆಗ ನೆನಪಾಯಿತು, ಮೊದಲು ಬಂದವಳು ನಾನೇ. ನನ್ನ ಸರದಿಯೇ. ಹೊರಟೆ. ದಾಟುವಾಗ ಮೂವರಿಗೂ ಕೈ ಎತ್ತಿದೆ. ಎತ್ತಿದ ಮೇಲೆ ನೋಡಿದೆ, ಐದೂ ಬೆರಳು ಬಿಚ್ಚಿಕೊಂಡಿದ್ದವು. ಟೆಸ್ಟ್ ಎಂದ ಮೇಲೆ ಕೆಲವು ರಾಜಿಗಳು ಅನಿವಾರ್ಯ.

"ಇವತ್ತು ಏನನ್ನೂ ವಾಪಸ್ ಕಿತ್ಕೊಳ್ಳಲಿಲ್ಲ," ಎಂದು ಪರೀಕ್ಷಕ ಸಹಿ ಹಾಕಿದ. ಯಜಮಾನಿ ವ್ಯಾನಿನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟಳು. ಮನೆ ಉಳಿಯಿತು.

ಸಂಜೆ ಊಟಕ್ಕೆ ಕೂತೆವು. ಅಕ್ಕನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು. ಭಾವ ಈಗ ಹೇಳುತ್ತಾರೆಂದು ಕಾದೆ. ಅವರು ತಟ್ಟೆಯ ಅಂಚನ್ನು ಸವರುತ್ತಾ ಅಕ್ಕನ ನಗುವನ್ನು ಕೇಳಿಸಿಕೊಳ್ಳುತ್ತಿದ್ದರು. ಅಕ್ಕ ಅವರ ಲೋಟದ ಹಿಡಿ ತಿರುಗಿಸಿದಳು. ಇವತ್ತು ಬೇಡ, ಅವಳು ನಗುತ್ತಿದ್ದಾಳೆ ಎಂದು ಅವರು. ಇವತ್ತು ಬೇಡ, ಅವರು ಗೆದ್ದಿದ್ದಾರೆ ಎಂದು ಇವಳು. ಇಬ್ಬರೂ ಇನ್ನೊಂದು ವರ್ಷ ಹೀಗೇ ಕೈ ಬೀಸುತ್ತಾ ಕೂರುತ್ತಾರೆಂದು ನನಗೆ ಖಾತ್ರಿಯಾಯಿತು.

"ಭಾವನಿಗೆ ಕಾಣಲ್ಲ," ಎಂದೆ. "ಅದು ಅಕ್ಕನಿಗೆ ಗೊತ್ತು. ಅಕ್ಕನಿಗೆ ಗೊತ್ತು ಅನ್ನೋದು ಭಾವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು."

ಭಾಷಣದಲ್ಲಿ ಎಷ್ಟೋ ಸಲ ಇದಕ್ಕಿಂತ ದೊಡ್ಡ ಮಾತು ಆಡಿದ್ದೇನೆ. ಈ ಸಲ ಆಡಿ ಮುಗಿಸಿ, ಯಾರೂ ಕೇಳದಿದ್ದರೂ ಎಲ್ಲರ ಲೋಟಕ್ಕೂ ನೀರು ತುಂಬಿಸಿದೆ.

ಭಾವ, "ಯಾವಾಗಿಂದ?" ಎಂದರು.

"ಈ ಬಣ್ಣ ನಿಂಗೆ ಒಪ್ಪುತ್ತೆ ಅಂದ್ರಲ್ಲ, ಅವತ್ತಿಂದ," ಎಂದಳು ಅಕ್ಕ. "ನಾನು ಬಚ್ಚಲಲ್ಲಿದ್ದೆ. ಬಾಗಿಲಿಗೆ ನೇತುಹಾಕಿದ್ದು ಟವೆಲು."

ಭಾವ ನಗತೊಡಗಿದರು. ತಟ್ಟೆ ಸರಿಸಿ, ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಸ್ವಲ್ಪ ಹೊತ್ತಿಗೆ ಭುಜ ಅಲುಗುತ್ತಿದ್ದ ರೀತಿ ಬೇರೆಯಾಯಿತು. ಅಕ್ಕ ಎದ್ದು ಅವರ ಪಕ್ಕಕ್ಕೆ ಹೋದಳು.

ನಾನು ವ್ಯಾನಿನ ಟೈರುಗಳಲ್ಲಿ ಗಾಳಿ ಇದೆಯೋ ನೋಡಿ ಬರುತ್ತೇನೆ ಎಂದು ಕೆಳಗಿಳಿದೆ. ಗಾಳಿ ಸರಿಯಾಗಿತ್ತು. ಆದರೂ ತುಂಬ ಹೊತ್ತು ನೋಡಿದೆ.

ಏಪ್ರಿಲ್ ೧೨, ಶುಕ್ರವಾರ

ಬರೆಯಲು ಬಿಡುವಿಲ್ಲ. ಬೆಳಿಗ್ಗೆಯಿಂದ ವ್ಯಾನು. ಭಾವನೂ ಜೊತೆಗೆ ಬರುತ್ತಾರೆ. ಯಾವ ಹೋಟೆಲಿನ ಹಿಂಬಾಗಿಲು ಎಲ್ಲಿ, ಯಾವ ಕಾವಲುಗಾರನನ್ನು ಹೇಗೆ ಮಾತನಾಡಿಸಬೇಕು ಎಂಬುದು ಅವರಿಗೆ ಗೊತ್ತು. ಎರಡು ಸಲ ತಪ್ಪು ಗೇಟಿಗೂ ಕರೆದೊಯ್ದರು.

ಒಟ್ಟಿನಲ್ಲಿ ಹೇಳುವುದಾದರೆ, ಈ ದೇಶದ ಬಗ್ಗೆ ನನ್ನ ನಿಲುವಿನಲ್ಲಿ ಒಂದಿಂಚೂ ಬದಲಾವಣೆಯಾಗಿಲ್ಲ. ಜನರ ಮೌನವನ್ನು ನಾನು ಈಗಲೂ ಒಪ್ಪುವುದಿಲ್ಲ. ಮೊನ್ನೆ ಹಿಂದಿನಿಂದ ಒಬ್ಬ ಹಾರ್ನ್ ಹೊಡೆದ. ಸಿಗ್ನಲ್ ಇನ್ನೂ ಸರಿಯಾಗಿ ಹಸಿರಾಗಿರಲಿಲ್ಲ. ಎಂಥ ಅನಾಗರಿಕ ಎಂದು ಬಾಯಿಂದ ಬಂತು. ಭಾವ ನನ್ನ ಕಡೆ ತಿರುಗಿ ನಕ್ಕು, ಕಿಟಕಿ ಇಳಿಸಿ ಅವನಿಗೂ ಕೈ ಎತ್ತಿದರು.

ಇವತ್ತು ಹಳೆಯ ಸೇತುವೆಯ ಹತ್ತಿರ, ರಸ್ತೆ ಕಿರಿದಾಗುವಲ್ಲಿ, ಎದುರಿನಿಂದ ಒಂದು ದೊಡ್ಡ ಲಾರಿ ಬಂತು. ನಾನು ನಿಂತು ಲೈಟ್ ಮಿಣುಕಿಸಿದೆ. ಅವನು ಹೊರಟ. ಪಕ್ಕದಲ್ಲೇ ಹಾದುಹೋದ, ಕಿವಿಗೆ ಫೋನು, ಕಣ್ಣು ಇನ್ನೆಲ್ಲೋ. ನಾವು ನಿಂತದ್ದನ್ನು ಗಮನಿಸಲೂ ಇಲ್ಲ. ಭಾವ ತಮ್ಮ ಕೈ ಎತ್ತಿ, ಲಾರಿಯ ಸದ್ದು ಹಿಂದಕ್ಕೆ ಹೋಗುವವರೆಗೂ ಹಿಡಿದೇ ಇದ್ದರು.

"ಕೈ ಎತ್ತಿದ್ನಾ?" ಎಂದು ಕೇಳಿದರು.

"ಎತ್ತಿದ ಭಾವ," ಎಂದೆ. "ಎರಡೂ ಕೈ."

"ಎರಡೂ ಎತ್ತಿದ್ರೆ ಸ್ಟಿಯರಿಂಗ್ ಯಾರು ಹಿಡಿದಿದ್ರು ಲೀಡರಮ್ಮ?"

ಒಂದು ಕೈ ಎಂದು ತಿದ್ದಿ ಹೇಳಿದೆ. ಹಾಗಾದರೆ ಸರಿ ಎಂದು ಭಾವ ಒರಗಿ ಕೂತರು. ನಾನು ಗೇರ್ ಹಾಕಿದೆ.